ಟ್ರ್ಯಾಕ್ಟರಿನ ಹೊಟ್ಟೆಯ ಕೆಳಗೆ ಒಂದು ಸೋಮವಾರ

ಕಳೆದ ತಿಂಗಳು ಬಸವನ ಬಾಗೇವಾಡಿಯ ನಮ್ಮ ಮನೆಯ ಮಾಳಿಗೆ ಮೇಲಿನ ನೀರಿನ ಟಾಕಿ ಸೋರತೊಡಗಿತು. ರಿಪೇರಿಗೆ ಬಂದವನು ಕರಿಯದೊಂದು, ಬಿಳಿಯದೊಂದು ಮುದ್ದೆ ತೆಗೆದು ಅಂಗೈಯಲ್ಲಿ ನಾದತೊಡಗಿದ. ಎರಡೂ ಬೆರೆತು ಬೂದು ಬಣ್ಣಕ್ಕೆ ತಿರುಗುವ ಹೊತ್ತಿಗೆ ಅದರ ಹುಳಿಯಾದ, ಔಷಧದಂಥ ವಾಸನೆ ಮೂಗಿಗೆ ಬಡಿಯಿತು. ನಾನು ಕೆಲಸ ಬಿಟ್ಟು ಅವನ ಪಕ್ಕ ಕುಕ್ಕರಗಾಲಲ್ಲಿ ಕೂತು, "ಇನ್ನಷ್ಟು ನಾದಪಾ, ಬಿಳಿ ಗೆರಿ ಉಳದಾವ" ಎಂದೆ. ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. ಸೀರೆ ಉಟ್ಟವಳೊಬ್ಬಳು ತನಗೆ ಪಾಠ ಹೇಳುವುದು ಅವನಿಗೆ ಹಿಡಿಸಲಿಲ್ಲ. ಅವನ ತಪ್ಪೇನಿಲ್ಲ. ಆ ವಾಸನೆಯಲ್ಲಿ ನಾನು ಒಂದು ಇಡೀ ದಿನ ಅಂಗಾತ ಮಲಗಿದ್ದೆ ಎನ್ನುವುದು ಅವನಿಗೆ ಹೇಗೆ ಗೊತ್ತಾಗಬೇಕು?

ಆಗ ನಾವು ತಾಂಬಾದಲ್ಲಿದ್ದೆವು. ನನ್ನ ಗಂಡ ಆಲಮಟ್ಟಿಯಲ್ಲಿ ಕಾಲುವೆಯ ಕೆಲಸಕ್ಕಿದ್ದ, ಹದಿನೈದು ದಿನಕ್ಕೊಮ್ಮೆ ಬಂದು ಹೋಗುತ್ತಿದ್ದ. ಊರಿನ ಹನ್ನೆರಡು ಹೆಂಗಸರ ನಮ್ಮ ಸಂಘ ಆ ವರ್ಷ ಒಂದು ಹಳೆಯ ಟ್ರ್ಯಾಕ್ಟರನ್ನೂ ತೊಗರಿ ಬಡಿಯುವ ರಾಶಿ ಮಷೀನನ್ನೂ ತಂದಿತ್ತು. ಇಂಡಿಯಲ್ಲಿ ನಡೆದ ಒಂದು ತಿಂಗಳ ತರಬೇತಿಗೆ ಹೋಗಿ ಬಂದವಳು ನಾನೊಬ್ಬಳೇ. ಹಾಗಾಗಿ ಕೀಲಿ ನನ್ನ ಸೊಂಟದಲ್ಲಿತ್ತು. ಅದು ಅಲ್ಲಿರುವುದು ಊರಿನ ಹಲವು ಗಂಡಸರಿಗೆ ಹಲ್ಲಿನಲ್ಲಿ ಸಿಕ್ಕ ನಾರಿನ ಹಾಗೆ ಕಿರಿಕಿರಿಯಾಗಿತ್ತು. ಅವರಲ್ಲಿ ಮೊದಲಿಗ ನನ್ನ ಗಂಡನ ಅಣ್ಣ ಸಿದ್ದಪ್ಪ. ಅವನು ಇಪ್ಪತ್ತು ವರ್ಷದಿಂದ ಟ್ರ್ಯಾಕ್ಟರು ಓಡಿಸುತ್ತಿದ್ದ.

ಟ್ರ್ಯಾಕ್ಟರು ಊರಿಗೆ ಬಂದ ದಿನವೇ ಅವನು ಕಟ್ಟೆಯ ಮೇಲೆ ಹತ್ತು ಮಂದಿಯ ನಡುವೆ ನಮ್ಮ ಸಂಘದ ಅಧ್ಯಕ್ಷೆ ಗಂಗವ್ವನನ್ನು ಕೇಳಿದ್ದ.

"ಗಂಗಕ್ಕ, ನಾವೆಲ್ಲಾ ಇಲ್ಲೇ ಕುಂತೀವಿ. ತಿಂಗಳ ಕಲತು ಬಂದಾಕಿ ಕೈಯಾಗ ಕೀಲಿ ಕೊಡ್ತೀರೇನು?"

ಗಂಗವ್ವ ಅರವತ್ತು ದಾಟಿದ ಹೆಂಗಸು, ಮಾತು ಕಡಿಮೆ. ಬಾಯಲ್ಲಿದ್ದ ಎಲೆ ಅಡಿಕೆಯನ್ನು ಒಂದು ದವಡೆಯಿಂದ ಇನ್ನೊಂದು ದವಡೆಗೆ ತಳ್ಳಿ ಹೇಳಿದಳು: "ಶೋಭಾನ ಕೈಯಾಗ ಅದು ಮುರದ್ರ, ಈ ಕೀಲಿ ನಾನ ನಿನ್ನ ಕೈಗೆ ತಂದು ಕೊಡ್ತೇನಿ. ಅಲ್ಲೀ ತನಕ ಸುಮ್ಮ ಕುಂದ್ರು."

ಗಂಗವ್ವ ಕೊಟ್ಟ ಮಾತು ತಿರುಗಿಸಿದ್ದನ್ನು ಊರಲ್ಲಿ ಯಾರೂ ಕಂಡಿರಲಿಲ್ಲ. ಆ ಹೊತ್ತು ನನಗೆ ಹೆಮ್ಮೆಯಿಂದ ಎದೆ ಉಬ್ಬಿತು. ಮನೆಗೆ ಬಂದು ರೊಟ್ಟಿ ಬಡಿಯುವಾಗ ಹೆಮ್ಮೆ ಇಳಿದು ಭಯ ಏರಿತು.

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಅದು ಬಸವಣ್ಣನ ವಾರ. ಟ್ರ್ಯಾಕ್ಟರಿಗೂ ಅದೇ ನೇಮ ಎಂದು ಗಂಗವ್ವ ತೀರ್ಮಾನಿಸಿದ್ದಳು. "ಹುಲ್ಲು ತಿಂದು ದುಡದ್ರೇನು, ಡೀಸೆಲ್ ಕುಡದು ದುಡದ್ರೇನು, ದುಡಿಯೂದು ದುಡಿಯೂದ ಐತಿ" ಎಂಬುದು ಅವಳ ವಾದ. ಸೋಮವಾರ ಹಗಲೆಲ್ಲ ಅದಕ್ಕೆ ಬಿಡುವು. ಸಂಜೆ ಸಂಘದ ಹೆಂಗಸರು ಬಂದು ಬಾನೆಟ್ಟಿಗೆ ವಿಭೂತಿ ಹಚ್ಚಿ, ಕಾಯಿ ಒಡೆದು, ಮುಂದಿನ ಎರಡೂ ಗಾಲಿಗಳ ಕೆಳಗೆ ಲಿಂಬೆಹಣ್ಣು ಇಡುತ್ತಿದ್ದರು. ನಾನು ಎಂಜಿನ್ ಚಾಲೂ ಮಾಡಿ ಹಣ್ಣಿನ ಮೇಲೆ ಗಾಲಿ ಹಾಯಿಸಬೇಕು. ಅಲ್ಲಿಗೆ ವಾರ ಶುರು. ತರಬೇತಿ ಪಡೆದು ಬಂದ ಸೊಕ್ಕಿನಲ್ಲಿ ನಾನು ಇದನ್ನು ನೋಡಿ ಒಳಗೊಳಗೇ ನಗುತ್ತಿದ್ದೆ.

ಆ ವರ್ಷ ತೊಗರಿ ಚೆನ್ನಾಗಿ ಬಂದಿತ್ತು. ಕೊಯ್ದು ಹೊಲದಲ್ಲೇ ಗೂಡು ಹಾಕಿ ಒಣಗಿಸಿಟ್ಟಿದ್ದರು. ಹನ್ನೊಂದು ಜನರ ರಾಶಿ ಮುಗಿಯುತ್ತ ಬಂದಿತ್ತು. ಅಧ್ಯಕ್ಷೆಯಾದ ತಪ್ಪಿಗೆ ಗಂಗವ್ವ ತನ್ನ ಪಾಳಿಯನ್ನು ಎಲ್ಲರಿಗಿಂತ ಕೊನೆಗೆ ಇಟ್ಟುಕೊಂಡಿದ್ದಳು. ಅಷ್ಟರಲ್ಲಿ, ಚಳಿ ಕಚ್ಚುವ ದಿನಗಳಲ್ಲಿ, ಎಲ್ಲಿಂದಲೋ ಮೋಡ ಬಂದು ಕೂತಿತು. ಹಗಲು ಹನ್ನೆರಡಕ್ಕೂ ಬಿಸಿಲು ಮಂಕು. ಗಾಳಿಯಲ್ಲಿ ಹಸಿ ಮಣ್ಣಿನ ವಾಸನೆ. ಗೂಡಿನ ಮೇಲೆ ಮಳೆ ಬಿದ್ದರೆ ಕಾಳು ಕಪ್ಪಾಗುತ್ತದೆ, ಮೊಳಕೆ ಒಡೆಯುತ್ತದೆ. ಇಡೀ ವರ್ಷದ ದುಡಿಮೆ ದನದ ಬಾಯಿಗೆ ಹೋಗುತ್ತದೆ.

ಭಾನುವಾರ ಸಂಜೆ ಹನ್ನೊಂದನೆಯವರ ರಾಶಿ ಮುಗಿಯಿತು. ಮರುದಿನ ಟ್ರ್ಯಾಕ್ಟರು ಕದಲುವಂತಿಲ್ಲ. ಈಗಲೇ ಗಂಗವ್ವನ ಹೊಲಕ್ಕೆ ಒಯ್ದು ನಿಲ್ಲಿಸಿದರೆ ಮಂಗಳವಾರ ಬೆಳಗ್ಗೆಯೇ ಹಚ್ಚಬಹುದು ಎಂದು ನಾನು ಅವಸರ ಮಾಡಿದೆ. ಮಷೀನನ್ನು ಮೊದಲೇ ಮುಟ್ಟಿಸಿಯಾಗಿತ್ತು. ಟ್ರ್ಯಾಕ್ಟರು ಮಾತ್ರ ಉಳಿದಿತ್ತು. ಬಂಡಿದಾರಿ ಬಳಸಿ ಹೋಗುವ ಬದಲು ಎರಡು ಹೊಲಗಳ ನಡುವಿನಿಂದ ಅಡ್ಡ ಹೊಡೆದೆ. ಆ ಎರಡು ಹೊಲಗಳ ನಡುವೆ ಗಡಿ ಗುರುತಿಸುವ ಮೊಣಕಾಲೆತ್ತರದ ಹದ್ದಿನ ಕಲ್ಲಿತ್ತು. ನನಗೆ ಗೊತ್ತಿಲ್ಲದ ಕಲ್ಲೇನೂ ಅಲ್ಲ. ಆದರೆ ಬಡಿದ ತೊಗರಿಕಟ್ಟಿಗೆಯನ್ನು ಯಾರೋ ಅದರ ಮೇಲೇ ಒಟ್ಟಿದ್ದರು. ಬರೀ ಕಟ್ಟಿಗೆ ಎಂದುಕೊಂಡು ಅದನ್ನು ಎರಡು ಗಾಲಿಗಳ ನಡುವೆ ಬಿಟ್ಟುಕೊಂಡು ಹಾಯಿಸಿದೆ. ಕೆಳಗಿನಿಂದ ಧಡ್ ಎಂದಿತು. ಆ ಸದ್ದು ನನ್ನ ಬೆನ್ನುಮೂಳೆಗೇ ತಾಗಿತು.

ಹೇಗೋ ಐವತ್ತು ಮಾರು ದೂರದ ಗಂಗವ್ವನ ಹೊಲ ಮುಟ್ಟಿಸಿ, ಎಂಜಿನ್ ಆರಿಸಿ, ಬಗ್ಗಿ ನೋಡಿದೆ. ಎಂಜಿನ್ನಿನ ತಳದಲ್ಲಿ ಎಣ್ಣೆ ತುಂಬಿಕೊಂಡಿರುವ ಬೀಡಿನ, ಎಂದರೆ ಎರಕದ ಕಬ್ಬಿಣದ, ತೊಟ್ಟಿ ಇರುತ್ತದೆ. ಹೊರಗಿನವರು ಆಯಿಲ್ ಪ್ಯಾನ್ ಎನ್ನುತ್ತಾರೆ, ನಮ್ಮ ಮೆಕ್ಯಾನಿಕರು ಚೇಂಬರ್ ಎನ್ನುತ್ತಾರೆ. ಅದರ ಬದಿಯಲ್ಲಿ ಗೇಣುದ್ದ ಬಿರುಕು. ಹನಿ ಹನಿಯಾಗಿ ಎಣ್ಣೆ ಕೆಳಗೆ ಬೀಳುತ್ತಿತ್ತು. ಕಾರಿನಲ್ಲಾದರೆ ಅದನ್ನು ಬಿಚ್ಚಿ ಕೆಳಗಿಳಿಸಬಹುದು. ನಮ್ಮ ಟ್ರ್ಯಾಕ್ಟರಿನಲ್ಲಿ ಮುಂದಿನ ಭಾಗವೆಲ್ಲ ಅದರ ಆಧಾರದ ಮೇಲೇ ನಿಂತಿರುತ್ತದೆ. ಅದನ್ನು ತೆಗೆಯಬೇಕೆಂದರೆ ಟ್ರ್ಯಾಕ್ಟರನ್ನೇ ಎರಡು ಹೋಳು ಮಾಡಬೇಕು. ಇಂಡಿಗೋ ಸಿಂದಗಿಗೋ ಎಳೆದೊಯ್ಯಬೇಕು. ನಾಲ್ಕೈದು ದಿನ ಬೇಕು. ನಾನು ತಲೆ ಎತ್ತಿ ಮೋಡ ನೋಡಿದೆ. ನಾಲ್ಕೈದು ದಿನ ಕಾಯುವ ಮೋಡ ಅದಾಗಿರಲಿಲ್ಲ.

ತರಬೇತಿಯಲ್ಲಿ ನಮಗೆ ಎಂಜಿನ್ ಕಲಿಸಿದವರು ಕುಲಕರ್ಣಿ ಸರ್, ನಿವೃತ್ತರಾಗಿ ಇಂಡಿಯಲ್ಲಿದ್ದರು. ಅವರಿಗೆ ಫೋನ್ ಮಾಡಿದೆ. ಅಳಬಾರದೆಂದು ಹಲ್ಲು ಕಚ್ಚಿ ಹೇಳಿದ್ದರಿಂದ ನನ್ನ ಮಾತು ಜಗಳದ ಹಾಗೆ ಕೇಳಿಸಿರಬೇಕು.

"ಸಿಟ್ಟು ಆಮ್ಯಾಲೆ ಮಾಡ್ಕೋ," ಎಂದರು ಅವರು. "ಈಗ ಬುಡದ ಬೋಲ್ಟು ಬಿಚ್ಚಿ ಎಣ್ಣಿ ಎಲ್ಲಾ ಇಳಸು. ಮುಂದಿನ ಗಾಲಿ ಒಡ್ಡಿನ ಮ್ಯಾಲೆ ಏರಸಿ ನಿಲ್ಲಸಿದ್ರ ಉಳದದ್ದೂ ಹಿಂದಕ್ಕ ಹರೀತದ, ಬಿರುಕಿನ ಕಡೆ ಬರೂದಿಲ್ಲ. ಆದ್ರ ಗಾಲಿ ಮೊದಲ ಏರಸು, ಎಣ್ಣಿ ಆಮ್ಯಾಲೆ ಇಳಸು. ಉಲ್ಟಾ ಮಾಡಬ್ಯಾಡ. ನಾಳಿ ಮುಂಜಾನೆ ಬರ್ತೀನಿ."

"ಸರ್, ಯಾರಿಗೂ ಹೇಳಬ್ಯಾಡ್ರಿ."

"ನಾ ಯಾರಿಗೆ ಹೇಳಲಿ? ನನ್ನ ಮಾತು ಮನ್ಯಾಗೂ ಯಾರೂ ಕೇಳೂದಿಲ್ಲ."

ಅವರು ಹೇಳಿದ ಹಾಗೆ ಆ ರಾತ್ರಿಯೇ ಗಾಲಿ ಏರಿಸಿ ಎಣ್ಣೆ ಇಳಿಸಿದೆ. ಸೋಮವಾರ ಬೆಳಗ್ಗೆ ಅವರು ಸ್ಕೂಟರಿನಲ್ಲಿ ಬಂದರು. ಸೊಂಟಕ್ಕೆ ಪಟ್ಟಿ ಕಟ್ಟಿಕೊಂಡಿದ್ದರು, ಬಗ್ಗುವುದಕ್ಕೆ ಆಗುತ್ತಿರಲಿಲ್ಲ. "ಕೈ ನಿನ್ನವು, ಬಾಯಿ ನಂದು" ಎಂದು ತೊಗರಿಕಟ್ಟಿಗೆಯ ಹೊರೆಯ ಮೇಲೆ ಕೂತರು. ಸೋಮವಾರವಾದ್ದರಿಂದ ಸುತ್ತಮುತ್ತ ಹೊಲದಲ್ಲಿ ನರಪಿಳ್ಳೆ ಇರಲಿಲ್ಲ. ನಾನು ಸೀರೆ ಕಚ್ಚೆ ಹಾಕಿ ಗೋಣಿಚೀಲದ ಮೇಲೆ ಅಂಗಾತ ಮಲಗಿ ಟ್ರ್ಯಾಕ್ಟರಿನ ಹೊಟ್ಟೆಯ ಕೆಳಗೆ ಸರಿದೆ.

ಮೊದಲು ತಂತಿಬ್ರಷ್ಷಿನಿಂದ ಬಣ್ಣ, ಜಿಡ್ಡು ಕೆರೆದೆ. ಮುಖದ ಮೇಲೆಲ್ಲ ಕರಿ ಉದುರಿತು. ಪೆಟ್ರೋಲಿನ ಬಟ್ಟೆಯಿಂದ ಒರೆಸಿ ಒರೆಸಿ ಬೀಡು ಬೆಳ್ಳಗೆ ಹೊಳೆಯುವಂತೆ ಮಾಡಿದೆ. ಸರ್ ಜೇಬಿನಿಂದ ಒಂದು ಸೀಮೆಸುಣ್ಣದ ತುಂಡು ಉರುಳಿಸಿ, "ಇದನ್ನ ತಿಕ್ಕು" ಎಂದರು. ತಿಕ್ಕಿ ಸ್ವಲ್ಪ ಹೊತ್ತು ಬಿಟ್ಟು ನೋಡಿದರೆ ಬಿಳಿ ಪುಡಿಯ ಮೇಲೆ ಎಣ್ಣೆ ಒಸರಿ ಕೂದಲೆಳೆಯಂಥ ಕಪ್ಪು ಗೆರೆ ಮೂಡಿತ್ತು. ಕಣ್ಣಿಗೆ ಕಾಣುತ್ತಿದ್ದ ಬಿರುಕಿಗಿಂತ ಎರಡು ಬೆರಳು ಉದ್ದ ಇತ್ತು.

"ಗೆರಿ ಎಲ್ಲಿ ಮುಗೀತದ, ಆ ಎರಡೂ ತುದಿಗೆ ಸಣ್ಣ ತೂತು ಕೊರಿಬೇಕು," ಎಂದರು ಸರ್. "ಇಲ್ಲಂದ್ರ ಬಿರುಕು ಮುಂದಕ್ಕ ಓಡ್ತದ. ಡ್ರಿಲ್ಲಿನ ಬಿಟ್ಟಿಗೆ ಗ್ರೀಸ್ ಹಚ್ಚು, ಪುಡಿ ಒಳಗ ಬೀಳಬಾರದು."

ಕೈಯಿಂದ ತಿರುಗಿಸುವ ಡ್ರಿಲ್ಲು. ಮಲಗಿಕೊಂಡು ಮೇಲಕ್ಕೆ ಒತ್ತಿ ತಿರುಗಿಸಬೇಕು. ಒಡೆದದ್ದನ್ನು ಉಳಿಸಬೇಕೆಂದು ಅದರಲ್ಲೇ ಇನ್ನೂ ಎರಡು ತೂತು ಕೊರೆಯುವ ಕೆಲಸ ಎಂಥದ್ದೆಂದು ಮಾಡಿದವರಿಗೇ ಗೊತ್ತು. ಎರಡನೆಯ ತೂತು ಮುಗಿಯುತ್ತ ಬಂದಿತ್ತು. ಆಗಲೇ ಮೋಟರ್ ಸೈಕಲ್ಲಿನ ಸದ್ದು ಬಂತು. ಕೆಳಗಿನಿಂದ ನನಗೆ ಕಂಡದ್ದು ಎರಡು ಕಾಲು, ಅಂಚು ಸವೆದ ಚಪ್ಪಲಿ. ಸಿದ್ದಪ್ಪ.

"ಸೋಮಾರ ದಿನ ಏನ್ ನಡಸೀದಿ?" ಎಂದ.

"ತೊಳ್ಯಾಕತ್ತೇನ್ರಿ ಭಾವಾ. ಸಂಜೀಗೆ ಪೂಜಿ ಐತಲ್ಲ," ಎಂದೆ. ಕುಂಬಳಕಾಯಿ ಕಳ್ಳನ ಹಾಗೆ ನನ್ನ ಕೈ ತಾನಾಗಿ ಬಿರುಕಿನ ಮೇಲೆ ಹೋಗಿ ಮುಚ್ಚಿಕೊಂಡಿತು. ಅವನಿಗೆ ಅದು ಕಾಣುತ್ತಿರಲೂ ಇಲ್ಲ.

"ತೊಳ್ಯಾಕ ಮಾಸ್ತರ್ನೂ ಕರಿಸೀಯೇನು?"

ಸರ್ ಕೂತಲ್ಲಿಂದಲೇ, "ನಾ ಲಿಂಬಿಹಣ್ಣಿಗೆ ಬಂದೀನಪಾ, ಬಿಸಲಾಗ ಕುಂತೀನಿ" ಎಂದರು. ಅವರು ಸುಳ್ಳು ಹೇಳಿದ್ದನ್ನು ನಾನು ಕೇಳಿದ್ದು ಅದೇ ಮೊದಲು, ಅದೂ ಬಿಸಿಲೇ ಇಲ್ಲದ ದಿನ. ಸಿದ್ದಪ್ಪ ಸ್ವಲ್ಪ ಹೊತ್ತು ನಿಂತು ಹೋದ. ಅವನು ನಂಬಿದನೋ ಇಲ್ಲವೋ ಎನ್ನುವುದು ಆ ದಿನವೆಲ್ಲ ನನ್ನನ್ನು ಕೊರೆಯಿತು.

ಅರದಿಂದ ಬಿರುಕಿನುದ್ದಕ್ಕೂ ಸಣ್ಣ ತೋಡು ತೆಗೆದೆ, ಮುದ್ದೆ ಕಚ್ಚಿಕೊಳ್ಳಲಿ ಎಂದು. ಆದರೆ ಎಷ್ಟು ಒರೆಸಿದರೂ ಒಳಗಿನಿಂದ ಎಣ್ಣೆಯ ಪಸೆ ಮತ್ತೆ ಮತ್ತೆ ಬರುತ್ತಿತ್ತು. ಪಸೆ ಇದ್ದರೆ ಮುದ್ದೆ ಹಿಡಿಯುವುದಿಲ್ಲ. ಕಾಸಿ ಒಣಗಿಸೋಣವೆಂದರೆ ಸುತ್ತಲೂ ಪೆಟ್ರೋಲು, ಒಣ ತೊಗರಿಕಟ್ಟಿಗೆ, ಪಕ್ಕದಲ್ಲೇ ಗಂಗವ್ವನ ಗೂಡು. ಒಂದು ಕಿಡಿ ಹಾರಿದರೆ ಮುಗಿಯಿತು. ಆಗ ನನಗೆ ನನ್ನ ಬಾಣಂತನ ನೆನಪಾಯಿತು. ದೂರದ ಬಾವಿಯ ಹತ್ತಿರ ಕಲ್ಲು ಹೂಡಿ, ಬುಟ್ಟಿ ಉಸುಕು ಹುರಿದು, ಹಳೆಯ ಧೋತರದಲ್ಲಿ ಗಂಟು ಕಟ್ಟಿ ತಂದೆ. ಬಾಣಂತಿಯ ಸೊಂಟಕ್ಕೆ ಶಾಖ ಕೊಡುವ ಹಾಗೆ ಆ ಬೀಡಿಗೆ ಒತ್ತಿ ಒತ್ತಿ ಶಾಖ ಕೊಟ್ಟೆ. ಗಂಟು ಆರಿದಂತೆ ಮತ್ತೆ ಓಡಿ ಹೋಗಿ ಬಿಸಿ ಮಾಡಿ ತಂದೆ. ಆರನೆಯ ಸಲಕ್ಕೆ ಸೀಮೆಸುಣ್ಣ ತಿಕ್ಕಿದರೆ ಬೆಳ್ಳಗೇ ಉಳಿಯಿತು.

"ಇದು ನನ್ನ ಪುಸ್ತಕದಾಗ ಇರಲಿಲ್ಲ ನೋಡು," ಎಂದರು ಸರ್.

ಆಮೇಲೆ ಕರಿ ಮುದ್ದೆ, ಬಿಳಿ ಮುದ್ದೆ ಸಮಸಮ ನಾದಿ, ತೋಡಿನಲ್ಲಿ ಹೆಬ್ಬೆರಳಿನಿಂದ ಒತ್ತಿ ತುಂಬಿದೆ. ಅದರ ಮೇಲೆ ತಗಡಿನ ಪಟ್ಟಿ ಕೂರಿಸಿ, ಸುತ್ತಲೂ ಮತ್ತೆ ಮುದ್ದೆ ಮೆತ್ತಿದೆ. ಮುಗಿದಾಗ ನಡುಹಗಲು.

"ಚಳಿ ಅದ, ತಡಾ ಹಿಡೀತದ. ನಾಳಿ ಹನ್ನೆರಡರ ತನಕ ಎಣ್ಣಿ ಹಾಕಬ್ಯಾಡ, ಎಂಜಿನ್ ಮುಟ್ಟಬ್ಯಾಡ," ಎಂದು ಸರ್ ಸ್ಕೂಟರು ಹತ್ತಿದರು. ಹತ್ತಿದವರು ಮತ್ತೆ ತಿರುಗಿ ನೋಡಿ, "ಎಣ್ಣಿ ಇಲ್ಲದ ಎಂಜಿನ್ ಅಂದ್ರ ಏನು ಗೊತ್ತದಲ್ಲ? ಒಂದ್ ಸಲ ಕಚ್ಚಿಕೊಂಡ್ರ ಗುಜರಿಗೇ ಹೋಗೂದು" ಎಂದರು.

ಆಗ ನನಗೆ ಪೂಜೆಯ ಲಿಂಬೆಹಣ್ಣು ನೆನಪಾಯಿತು. ಬಿರುಕಿನ ಗುಂಗಿನಲ್ಲಿ ಪೂಜೆಯ ಕೊನೆಯಲ್ಲಿ ಎಂಜಿನ್ ಚಾಲೂ ಮಾಡಬೇಕೆಂಬುದನ್ನೇ ಮರೆತಿದ್ದೆ. ಸರ್ ಆಗಲೇ ದೂರ ಹೋಗಿದ್ದರು.

ಹೊತ್ತು ಇಳಿಯುವಾಗ ಹೆಂಗಸರೆಲ್ಲ ಬಂದರು. ನಾನು ನೆಲದ ಎಣ್ಣೆಯ ಮೇಲೆ ಮಣ್ಣು ಎಳೆದು, ಮುಖ ತೊಳೆದು, ನಗುತ್ತ ನಿಂತಿದ್ದೆ. ಗಾಲಿ ಒಡ್ಡಿನ ಮೇಲೇಕಿದೆ ಎಂದು ಯಾರೋ ಕೇಳಿದರು. ತೊಳೆದ ನೀರು ಹರಿದು ಹೋಗಲಿ ಎಂದು, ಎಂದೆ. ಅಂದು ನಾನು ಹೇಳಿದ ಎಷ್ಟನೆಯ ಸುಳ್ಳೋ ಅದು. ಗಂಗವ್ವ ವಿಭೂತಿ ಹಚ್ಚಿ, ಕಾಯಿ ಒಡೆದು, ಲಿಂಬೆಹಣ್ಣು ಇಟ್ಟಳು. ಪಡುವಣದಲ್ಲಿ ಮೋಡ ಕಪ್ಪಗೆ ಕಟ್ಟಿಕೊಂಡಿತ್ತು. ಅವಳು ಮೋಡ ನೋಡಿದಳು, ತನ್ನ ಗೂಡು ನೋಡಿದಳು, ನನ್ನನ್ನು ನೋಡಿದಳು.

"ಏರವಾ ಶೋಭಾ. ಬಸವಣ್ಣನ್ನ ನೆನಸಿ ಚಾಲೂ ಮಾಡು."

ನಾನು ಏರಿದೆ. ಕೂತೆ. ಕೀಲಿ ಹಾಕಿದೆ. ಒಂದು ಹಣ್ಣು ಹಾಯಲು ಎಷ್ಟು ಹೊತ್ತು? ಅರ್ಧ ನಿಮಿಷ. ಗೋಡೆಗಳಿಗೆ ಹತ್ತಿದ ಎಣ್ಣೆ ಒಳಗೆ ಇನ್ನೂ ಇದ್ದೇ ಇರುತ್ತದೆ. ಅರ್ಧ ನಿಮಿಷಕ್ಕೆ ಏನೂ ಆಗಲಿಕ್ಕಿಲ್ಲ. ಆಮೇಲೆ ನಾಳೆ ಹನ್ನೆರಡರ ತನಕ ಏನೋ ಒಂದು ನೆಪ ಹೇಳಿದರಾಯಿತು. ಯಾರಿಗೂ ಗೊತ್ತಾಗುವುದಿಲ್ಲ. ಕೀಲಿ ಅರ್ಧ ತಿರುಗಿತು. ಮುಂದಿನ ಫಲಕದಲ್ಲಿ ಎಣ್ಣೆಯ ಕೆಂಪು ದೀಪ ಹತ್ತಿತು. ಎಂಜಿನ್ ಶುರುವಾಗುವ ಮುನ್ನ ಅದು ದಿನಾಲೂ ಹತ್ತುವ ದೀಪವೇ. ಹನ್ನೊಂದು ಹೆಂಗಸರು ಕೈ ಮುಗಿದು ನಿಂತಿದ್ದರು. ಗಂಗವ್ವ ಕಣ್ಣು ಮುಚ್ಚಿದ್ದಳು. ನಾನು ಎಷ್ಟು ಹೊತ್ತು ಹಾಗೆ ಕೂತಿದ್ದೆನೋ ತಿಳಿಯದು. ಕೊನೆಗೆ ಕೀಲಿ ಹಿಂದಕ್ಕೆ ತಿರುಗಿಸಿ, ಕಿತ್ತುಕೊಂಡು, ಕೆಳಗಿಳಿದೆ.

"ಗಂಗವ್ವಾ, ಎಂಜಿನ್ನಿನಾಗ ಎಣ್ಣಿ ಇಲ್ಲ. ನಿನ್ನಿ ನಾನು ಹದ್ದಿನ ಕಲ್ಲಿಗೆ ಹಾಯಿಸಿ ಚೇಂಬರ್ ಒಡದೇನಿ. ಮುಂಜಾನಿಂದ ಮೆತ್ತಾಕತ್ತೇನಿ. ನಾಳಿ ಹನ್ನೆರಡಕ್ಕ ತಿಳೀತೈತಿ, ಹಿಡಿದೈತೋ ಇಲ್ಲೋ."

ಗಂಗವ್ವ ಕೈ ಚಾಚಿದಳು. ಅವಳ ಅಂಗೈಯಲ್ಲಿ ಕೀಲಿ ಇಟ್ಟೆ. ಅವಳು ಅದನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡು ಊರ ಕಡೆ ನಡೆದುಬಿಟ್ಟಳು. ಒಂದು ಬೈಗುಳ ಬೈದಿದ್ದರೂ ನಾನು ಆ ರಾತ್ರಿ ನಿದ್ದೆ ಮಾಡುತ್ತಿದ್ದೆ.

ಮಂಗಳವಾರ ಬೆಳಗ್ಗೆ ಹೊಲಕ್ಕೆ ಹೋದಾಗ ಸರ್, ಸಂಘದ ಹೆಂಗಸರು ಬಂದಿದ್ದರು. ಗಂಗವ್ವನೂ ಬಂದಳು, ಅವಳ ಹಿಂದೆ ಸಿದ್ದಪ್ಪ. ಎಲ್ಲರೆದುರು ಸೆರಗಿನ ಗಂಟು ಬಿಚ್ಚಿ ಕೀಲಿ ಅವನ ಕೈಗೆ ಕೊಟ್ಟಳು.

"ಮಾತು ಕೊಟ್ಟಿದ್ದೆ, ತಗೋ."

ಸಿದ್ದಪ್ಪ ಕೀಲಿ ಹಿಡಿದು ಟ್ರ್ಯಾಕ್ಟರಿನ ಕೆಳಗೆ ಬಗ್ಗಿದ. ಬಹಳ ಹೊತ್ತು ನೋಡಿದ. ತಗಡಿನ ಅಂಚಿಗೆ ಉಗುರು ಹಾಕಿ ಕೆರೆದ. ನಾನು ಬೇರೆ ಕಡೆ ಮುಖ ಮಾಡಿ ನಿಂತೆ. ಹನ್ನೆರಡಕ್ಕೆ ಸರ್ ಹೇಳಿದ ಮೇಲೆ ಟ್ರ್ಯಾಕ್ಟರನ್ನು ಒಡ್ಡಿನಿಂದ ಹಿಂದಕ್ಕೆ ದೂಡಿ ಇಳಿಸಿ, ಗಾಲಿಗೆ ಕಲ್ಲು ಕೊಟ್ಟು ಹೊಸ ಎಣ್ಣೆ ಹೊಯ್ದೆವು. ಎಲ್ಲರ ಕಣ್ಣು ಕೆಳಗೆ. ಹನಿ ಬೀಳಲಿಲ್ಲ. ದೂರದಲ್ಲಿ, ಸಾಲೋಟಗಿಯ ಕಡೆ, ಗುಡುಗಿತು. ಸಿದ್ದಪ್ಪ ಏರಿ ಕೂತ. ಕೀಲಿ ಹಾಕಿದ. ನನ್ನ ಎಂಟು ತಿಂಗಳ ಜಾಗದಲ್ಲಿ ಅವನು ಕೂತದ್ದನ್ನು ನೋಡಿ ಕಣ್ಣಲ್ಲಿ ನೀರು ಬಂತು, ಸುಳ್ಳೇಕೆ ಹೇಳಲಿ. ಅವನು ತಿರುಗಿಸಲಿಲ್ಲ. ಕೆಳಗಿಳಿದು ಬಂದು ಕೀಲಿಯನ್ನು ನನ್ನ ಮುಂದೆ ಹಿಡಿದ.

"ಮೆತ್ತಿದ್ದು ಚಲೋ ಮೆತ್ತೀದಿ. ಎಷ್ಟ ತಾಳತೈತಿ ಅಂಬೂದು ನಿನ್ನ ಕೈಗೆ ಗೊತ್ತೈತಿ, ನನಗ ಗೊತ್ತಿಲ್ಲ. ಏರು, ಮಳಿ ಬರಾಕತ್ತೈತಿ."

ನಾನು ಗಂಗವ್ವನ ಮುಖ ನೋಡಿದೆ. ಅವಳು, "ಕೊಡಾಕಂದಿದ್ದೆ, ಕೊಟ್ಟೆ. ಇನ್ನ ಅದು ಅವನ ಕೀಲಿ, ಯಾರಿಗರ ಕೊಡಲಿ" ಎಂದು ಗೂಡಿನ ಕಡೆ ತಿರುಗಿದಳು.

ಆ ಮಧ್ಯಾಹ್ನ ನಾನು ರಾಶಿಯನ್ನು ನೋಡಲೇ ಇಲ್ಲ. ಕಣ್ಣು ಕೆಂಪು ದೀಪದ ಮೇಲೆ, ಕಿವಿ ಎಂಜಿನ್ನಿನ ಮೇಲೆ. ಸಿದ್ದಪ್ಪ ಹೆಂಗಸರ ಜೊತೆ ಗೂಡು ಕಿತ್ತು ಮಷೀನಿಗೆ ಹಾಕಿದ. ಅರ್ಧ ತಾಸಿಗೊಮ್ಮೆ ಸರ್ ಕೈ ಎತ್ತುತ್ತಿದ್ದರು, ನಾನು ಆರಿಸುತ್ತಿದ್ದೆ, ಕೆಳಗೆ ನುಸುಳಿ ತಗಡಿನ ಅಂಚಿಗೆ ಬೆರಳಾಡಿಸಿ ಬರುತ್ತಿದ್ದೆ. ಒಂದು ಸಲ ಬೆರಳು ಒದ್ದೆಯಾಯಿತು. ಮೂಸಿ ನೋಡಿದರೆ ಅದು ನನ್ನದೇ ಬೆವರು. ಕೊನೆಯ ಚೀಲ ಹೊಲಿದು, ಬಂಡಿಗೆ ಹೇರಿ, ತಾಡಪತ್ರಿ ಹೊದಿಸುವಾಗ ದಪ್ಪ ದಪ್ಪ ಹನಿ ಬಿದ್ದವು. ಆಮೇಲೆ ಹೊಡೆದ ಮಳೆಗೆ ಎದುರಿನ ಒಡ್ಡು ಕಾಣದಾಯಿತು.

ಗಂಗವ್ವ ಮತ್ತು ನಾನು ಬಂಡಿಯ ಕೆಳಗೆ ಕೂತೆವು. ಅವಳು ಎಲೆಗೆ ಸುಣ್ಣ ಸವರುತ್ತ, ನನ್ನ ಕಡೆ ನೋಡದೆ ಹೇಳಿದಳು.

"ನಿನ್ನಿ ನೀ ಸುಳ್ಳು ಹೇಳಿದ್ರ ನಾ ನಂಬತಿದ್ದೆ. ಚಾಲೂ ಮಾಡಿದ್ರೂ ನನಗೇನ ತಿಳೀತಿತ್ತು? ಏರಿದಾಕಿ ಹಂಗ ಇಳದು ಬಂದು ಖರೆ ಹೇಳಿದಿ. ರಾತ್ರಿ ಎಲ್ಲಾ ಅದನ್ನ ನೆನಸಿ ಮಲಗಿದೆ."

ಅವಳು ಮಡಿಚಿ ಕೊಟ್ಟ ಎಲೆಯನ್ನು ನಾನು ಬಾಯಿಗಿಟ್ಟುಕೊಂಡೆ. ಆ ಚೇಂಬರನ್ನು ಬೇಸಿಗೆಯಲ್ಲಿ ಸಿಂದಗಿಯಲ್ಲಿ ಬದಲಿಸಿದರು. ನಾವು ಬಾಗೇವಾಡಿಗೆ ಬಂದೆವು. ಗಂಗವ್ವ ಈಗಲೂ ಹೊಸದಾಗಿ ಟ್ರ್ಯಾಕ್ಟರು ಕಲಿಯುವ ಹುಡುಗಿಯರಿಗೆ ಆ ಸಂಜೆಯ ಕತೆ ಹೇಳುತ್ತಾಳಂತೆ: ಶೋಭಾ ಏರಿದಳು, ಮನಸ್ಸು ತಡೆಯಲಿಲ್ಲ, ಕೂಡಲೇ ಇಳಿದು ಖರೆ ಹೇಳಿದಳು. ಅವಳು ಕಣ್ಣು ಮುಚ್ಚಿಕೊಂಡಿದ್ದಳು. ಕೆಂಪು ದೀಪ ಹತ್ತಿದ್ದನ್ನು ಅವಳು ನೋಡಿಲ್ಲ, ನನ್ನ ಕೈ ಎಷ್ಟು ಹೊತ್ತು ಕೀಲಿಯ ಮೇಲಿತ್ತು ಎನ್ನುವುದನ್ನೂ ನೋಡಿಲ್ಲ. ತಾಂಬಾಕ್ಕೆ ಹೋದಾಗಲೆಲ್ಲ ಈ ಸಲ ಹೇಳಿಬಿಡಬೇಕು ಎಂದುಕೊಂಡೇ ಹೋಗುತ್ತೇನೆ. ಅವಳು ಬಾಗಿಲಿಗೆ ಬಂದು ನನ್ನ ಎರಡೂ ಕೈ ಹಿಡಿದುಕೊಳ್ಳುತ್ತಾಳೆ. ನಾನು ಚಹಾ ಕುಡಿದು ಬರುತ್ತೇನೆ.